ನಲವತ್ತೆರಡು ಬೈಟಿನ ಊರು

ದೊಡ್ಡನೆಕ್ಕುಂದಿ. ಬಾಯಲ್ಲಿ ಹೇಳಿದರೆ ಐದೇ ಅಕ್ಷರ: ದೊ, ಡ್ಡ, ನೆ, ಕ್ಕುಂ, ದಿ. ಕಂಪ್ಯೂಟರು ಹಾಗೆ ಎಣಿಸುವುದಿಲ್ಲ. ದಕಾರ ಒಂದು, ಅದರ ಒತ್ವ ಇನ್ನೊಂದು, ಆಮೇಲೆ ಡಕಾರ, ಒತ್ತಕ್ಷರ ಬರುತ್ತಿದೆ ಎಂದು ಸೂಚಿಸಲು ಒಂದು ಗುರುತು, ಮತ್ತೊಂದು ಡಕಾರ, ಹೀಗೆ ಹಲಸಿನ ತೊಳೆಯಂತೆ ಬಿಡಿಸುತ್ತಾ ಹೋಗಿ ಒಟ್ಟು 14 ತುಂಡು ಮಾಡುತ್ತದೆ. ಕನ್ನಡದ ಒಂದೊಂದು ತುಂಡಿಗೂ ಮೂರು ಬೈಟು ಜಾಗ. ಅಲ್ಲಿಗೆ ನಮ್ಮೂರಿನ ಹೆಸರು 42 ಬೈಟು. ಇಂಗ್ಲಿಷಿನಲ್ಲಿ ಬರೆದರೆ 13. ಕನ್ನಡಕ್ಕೆ ಮೂರುಪಟ್ಟು ಬಾಡಿಗೆ ಎಂದು ಕೊರಗುವವರಿದ್ದಾರೆ. ಮುಂದಿನ ಲೆಕ್ಕ ನೋಡಿದರೆ ಆ ಕೊರಗು ಉಳಿಯಲಿಕ್ಕಿಲ್ಲ.

ಈ ಲೆಕ್ಕ ಶುರುವಾದದ್ದು ನಮ್ಮ ಮಾವನವರಿಂದ. ಹೆಚ್‌ಎಎಲ್‌ನ ಟೂಲ್ ರೂಮಿನಲ್ಲಿ ಜೀವಮಾನವಿಡೀ ಮೈಕ್ರೊಮೀಟರ್ ಹಿಡಿದವರು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕೆಲಸವನ್ನು ವಾಪಸ್ ಕಳಿಸುತ್ತಿದ್ದ ಕೈ ಅದು. ನಿವೃತ್ತಿಯಾದ ಮೇಲೆ ಬೆಳಗಿನ ಕಾಫಿಯ ಜೊತೆ ಹಳೇ ಲ್ಯಾಪ್‌ಟಾಪಿನಲ್ಲಿ ಕನ್ನಡ ಸುದ್ದಿ ಓದುವುದು ರೂಢಿ. ಒಂದು ದಿನ ಕರೆದರು.

"ಅಳಿಯಂದ್ರೇ, ಇದರ ಫ್ಯಾನು ಯಾಕೆ ಹಿಂಗೆ ಬಡ್ಕೊಳ್ಳತ್ತೆ? ನಾನು ಓದ್ತಾ ಇರೋದು ಮಳೆ ಸುದ್ದಿ. ಒಂದು ಕಾಲಂ ಸುದ್ದಿಗೆ ಇಷ್ಟೊಂದು ಏದುಸಿರಾ?"

ಎಫ್12 ಒತ್ತಿ ನೆಟ್‌ವರ್ಕ್ ಎಂಬ ಕಿಟಕಿ ತೆರೆದು, ಪುಟವನ್ನು ಇನ್ನೊಮ್ಮೆ ಲೋಡ್ ಮಾಡಿದೆ. ಸಾಲುಗಳು ಇಳಿಯತೊಡಗಿದವು. ಒಂದೊಂದು ಸಾಲೂ ಒಂದೊಂದು ಕಡತ, ಎಲ್ಲಿಂದಲೋ ಬರುತ್ತಿರುವುದು. ಮಾವ ಕನ್ನಡಕ ಸರಿಮಾಡಿಕೊಂಡು ಎಣಿಸಲು ಹೊರಟರು, ಮೂವತ್ತು ದಾಟಿದ ಮೇಲೆ ಬಿಟ್ಟರು. ಪರದೆಯ ಮೇಲೆ ಮಳೆಯ ಸುದ್ದಿ ಬಂದು ಕೂತು ಎಷ್ಟೋ ಹೊತ್ತಾಗಿತ್ತು. ಸಾಲುಗಳು ಮಾತ್ರ ಇನ್ನೂ ಇಳಿಯುತ್ತಲೇ ಇದ್ದವು.

ಅವುಗಳಲ್ಲಿ ಹೆಚ್ಚಿನ ಪಾಲು ಸ್ಕ್ರಿಪ್ಟು. ಚಿತ್ರ, ಅಕ್ಷರಗಳ ಹಾಗೆ ಸುಮ್ಮನೆ ಬಂದು ಕೂರುವ ಸಾಮಾನಲ್ಲ ಅದು. ಬಂದವನೇ ಎದ್ದು ಓಡಾಡುತ್ತಾನೆ, ನಿಮ್ಮ ಕಂಪ್ಯೂಟರಿನ ಕರೆಂಟಿನಲ್ಲಿ, ನಿಮ್ಮ ಮೆಮೊರಿಯಲ್ಲಿ. ಮೆನು ಬಿಚ್ಚುವುದು, ಫಾರಂ ತಪ್ಪಾಗಿದ್ದರೆ ಹೇಳುವುದು, ನಕ್ಷೆ ಎಳೆದಾಡಲು ಬಿಡುವುದು, ಇವೆಲ್ಲ ಅವನದೇ ಉಪಕಾರ. ನೀವು ಎಷ್ಟು ಹೊತ್ತು ಎಲ್ಲಿ ನಿಂತಿರಿ, ಬೆರಳು ಎಲ್ಲಿ ಜಾರಿತು ಎಂದು ಬರೆದುಕೊಂಡು ಹೋಗುವವನೂ ಅವನೇ.

ಪ್ರಪಂಚದ ಕೋಟಿಗೂ ಮೀರಿದ ಜಾಲತಾಣಗಳನ್ನು ತಿಂಗಳು ತಿಂಗಳು ತೆರೆದು ತೂಗಿ ನೋಡುವ ಎಚ್‌ಟಿಟಿಪಿ ಆರ್ಕೈವ್ ಎಂಬ ಯೋಜನೆ ಇದೆ. 2024ರ ತೂಕದ ಪ್ರಕಾರ ಮೊಬೈಲಿನಲ್ಲಿ ತೆರೆದ ನಡುಮಧ್ಯದ ಪುಟ, ಎಂದರೆ ಅರ್ಧ ಪುಟಗಳು ಅದಕ್ಕಿಂತ ಭಾರ, ಇನ್ನರ್ಧ ಹಗುರ, ಸುಮಾರು 2.3 ಎಂಬಿ. ಒಂದು ಪುಟ ತೆರೆಯಲು ಬ್ರೌಸರು ಹೊರಗೆ ಕಳಿಸುವ ಕೋರಿಕೆ 70ರ ಆಸುಪಾಸು. ಅದರಲ್ಲಿ ಇಪ್ಪತ್ತಕ್ಕೂ ಮೇಲೆ ಬರೀ ಸ್ಕ್ರಿಪ್ಟಿಗೆ. ಆ ಸ್ಕ್ರಿಪ್ಟುಗಳ ತೂಕವೇ 550 ಕೆಬಿ.

ಐನೂರೈವತ್ತು ಕೆಬಿ ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಊರ ಹೆಸರಿನಲ್ಲಿ ಅಳೆಯೋಣ. 42 ಬೈಟಿನ ದೊಡ್ಡನೆಕ್ಕುಂದಿಯನ್ನು 13,000 ಸಲ ಬರೆದರೆ ಅಷ್ಟಾಗುತ್ತದೆ. ಬಸ್ಸಿನ ಕಂಡಕ್ಟರು ಸೆಕೆಂಡಿಗೊಮ್ಮೆ 'ದೊಡ್ಡನೆಕ್ಕುಂದಿ, ದೊಡ್ಡನೆಕ್ಕುಂದಿ' ಎಂದು ಉಸಿರು ಬಿಡದೆ ಕೂಗಿದರೆ ಮೂರೂವರೆ ಗಂಟೆ ಮೀರುತ್ತದೆ. ಮಳೆ ಬಂದ ಶುಕ್ರವಾರ ಸಂಜೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಹೊರಟವರಿಗೆ ಇದು ಅಂಥ ದೊಡ್ಡ ಹೊತ್ತಲ್ಲ, ಆ ಮಾತು ಬೇರೆ.

ಇನ್ನೊಂದು ಅಳತೆ. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯ. ನಾಲ್ಕು ಸಾಲಿನ ಒಂದು ಪದ್ಯಕ್ಕೆ, ನಾನು ಅಂದಾಜು ಹಾಕಿದಂತೆ, 350 ಬೈಟು ಬೇಕು. ಇಡೀ ಕಗ್ಗಕ್ಕೆ ಮೂರೂಕಾಲು ಲಕ್ಷ ಚಿಲ್ಲರೆ. ಅಲ್ಲಿಗೆ ಒಂದು ಸಾಧಾರಣ ಪುಟ ತೆರೆದಾಗಲೆಲ್ಲ, ನಾವು ಓದದ, ನಮಗೆ ಕಾಣದ ಬರಹ ಒಂದೂವರೆ ಕಗ್ಗದಷ್ಟು ಮನೆಯೊಳಕ್ಕೆ ಬಂದು ಬೀಳುತ್ತದೆ. ಇದರಲ್ಲೂ ಕಗ್ಗಕ್ಕೆ ಅನ್ಯಾಯವಾಗಿದೆ: ಸ್ಕ್ರಿಪ್ಟಿನ ತೂಕ ಅದನ್ನು ಒತ್ತಿ ಮೂಟೆ ಕಟ್ಟಿದ ಮೇಲಿನದು, ಬಿಚ್ಚಿದರೆ ಇನ್ನೂ ಹಿಗ್ಗುತ್ತದೆ. ಕಗ್ಗವನ್ನು ನಾನು ಒತ್ತದೆ ತೂಗಿದ್ದೇನೆ.

ಬಂದ ಸ್ಕ್ರಿಪ್ಟೆಲ್ಲ ದುಡಿಯುತ್ತದೆಯೇ? ಅದೂ ಇಲ್ಲ. ಅದೇ ತೂಕದ ಲೆಕ್ಕದಲ್ಲಿ, ಪುಟ ತೆರೆದು ಮುಗಿಯುವವರೆಗೂ ಒಮ್ಮೆಯೂ ಬಳಕೆಗೆ ಬಾರದ ಭಾಗ ಮೂರರಲ್ಲೊಂದು ಪಾಲಿಗಿಂತ ಹೆಚ್ಚು, ಸುಮಾರು 200 ಕೆಬಿ. ಭಾರತದಲ್ಲಿ ಇಂಟರ್ನೆಟ್ ಬಳಸುವವರು 80 ಕೋಟಿಗೂ ಮೇಲೆ. ಒಬ್ಬೊಬ್ಬರು ದಿನಕ್ಕೆ ಒಂದೇ ಒಂದು ಪುಟ ತೆರೆದರೂ ಯಾರಿಗೂ ಬೇಡದ ಈ ಸರಕು 160 ಟೆರಾಬೈಟು. 48 ಕೋಟಿ ಕಗ್ಗ. ದಿನಾ.

ಇಷ್ಟಕ್ಕೂ ಈ ಸ್ಕ್ರಿಪ್ಟುಗಳ ಭಾಷೆ ಹುಟ್ಟಿದ್ದು ಹತ್ತು ದಿನದಲ್ಲಿ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಅವಸರದಲ್ಲಿ ಕಟ್ಟಿಕೊಟ್ಟ ಜಾವಾಸ್ಕ್ರಿಪ್ಟ್, ಮೂವತ್ತು ವರ್ಷದಲ್ಲಿ ನೂರು ಜಾಲತಾಣಗಳಲ್ಲಿ 98ಕ್ಕೂ ಹೆಚ್ಚು ತಾಣಗಳಿಗೆ ಹಬ್ಬಿದೆ. ಅದೇ ಐಕ್ ಮುಂದೆ ಬ್ರೇವ್ ಎಂಬ ಬ್ರೌಸರ್ ಕಂಪನಿಯನ್ನೂ ಕಟ್ಟಿದರು. ಅದರ ಹೆಗ್ಗಳಿಕೆ ಏನೆಂದರೆ, ಬೇಡದ ಸ್ಕ್ರಿಪ್ಟನ್ನು ಬಾಗಿಲಲ್ಲೇ ತಡೆಯುವುದು. ಬಿತ್ತಿದವರೇ ಕಳೆ ಕೀಳಲು ಕೂತದ್ದು.

ನೆತ್ತಿಯ ಮೇಲೆ ತೇಜಸ್ ಹಾದುಹೋಯಿತು. ಈ ಕಡೆಯ ಮನೆಗಳಲ್ಲಿ ವಿಮಾನ ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುವುದು ಎಲ್ಲರಿಗೂ ಬರುತ್ತದೆ. ಸದ್ದು ಅಡಗಿದ ಮೇಲೆ ಮಾವ ಕೇಳಿದರು: "ಇವರನ್ನೆಲ್ಲ ಕರೆದವರು ಯಾರು?"

ಸಾಮಾನ್ಯವಾಗಿ ಪುಟದ ಯಜಮಾನರೇ. ಆದರೆ ಯಜಮಾನರೂ ಕರೆಯದೆ ಬಂದ ನೆಂಟನೊಬ್ಬನ ಕಥೆ ಬೆಂಗಳೂರಿನದೇ ಇದೆ. 2015ರ ಜೂನ್. ಇಲ್ಲಿನ ತಂತ್ರಜ್ಞ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿಯಲ್ಲಿ ತಮ್ಮದೇ ಜಾಲತಾಣ ತೆರೆದು, ಪುಟದ ಒಳಬರಹ ನೋಡಿದರು. ತಾವು ಬರೆಯದ ಒಂದು ಸ್ಕ್ರಿಪ್ಟು ಅಲ್ಲಿ ಕೂತಿತ್ತು. ಸರ್ವರಿನಿಂದ ಹೊರಟಾಗ ಇಲ್ಲದ್ದು ಫೋನಿಗೆ ಬರುವಷ್ಟರಲ್ಲಿ ಸೇರಿಕೊಂಡಿದೆ ಎಂದರೆ ದಾರಿಯಲ್ಲೇ ಹತ್ತಿಕೊಂಡಿರಬೇಕು. ಅಂಚೆಯವನು ಲಕೋಟೆ ಒಡೆದು ತನ್ನದೊಂದು ಚೀಟಿ ಸೇರಿಸಿ ಮತ್ತೆ ಅಂಟಿಸಿದ ಹಾಗೆ. ತೇಜೇಶ್ ಅದನ್ನು ಕೋಡು ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ಕೆಲವೇ ದಿನದಲ್ಲಿ ಇಸ್ರೇಲಿನ ಫ್ಲ್ಯಾಷ್ ನೆಟ್‌ವರ್ಕ್ಸ್ ಕಂಪನಿಯ ಪರವಾಗಿ ವಕೀಲರ ನೋಟಿಸು ಬಂತು: ಅದು ನಮ್ಮ ಕೋಡು, ಅದನ್ನು ಬಯಲಿಗಿಟ್ಟದ್ದು ಕಾಪಿರೈಟ್ ಉಲ್ಲಂಘನೆ. ಗಿಟ್‌ಹಬ್‌ನಿಂದ ಕೋಡು ಇಳಿಯಿತು. ಏರ್‌ಟೆಲ್, ಗ್ರಾಹಕರಿಗೆ ತಾವು ಬಳಸಿದ ಡೇಟಾ ಎಷ್ಟೆಂದು ತಿಳಿಸುವ ಪ್ರಯೋಗ ಅದಾಗಿತ್ತು, ನೋಟಿಸಿಗೂ ನಮಗೂ ಸಂಬಂಧವಿಲ್ಲ ಎಂದಿತು. ನನಗೆ ಇಂದಿಗೂ ಅರ್ಥವಾಗದ್ದು ಆ ನೋಟಿಸಿನ ನ್ಯಾಯ: ನಿಮ್ಮ ಮನೆಯೊಳಗೆ ಎಸೆದ ಚೀಟಿಯನ್ನು ನೀವು ನೆರೆಯವರಿಗೆ ತೋರಿಸಿದರೆ ಅಪರಾಧ ನಿಮ್ಮದು!

ಆ ದಾರಿ ಈಗ ಬಹುಮಟ್ಟಿಗೆ ಮುಚ್ಚಿದೆ. ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಎಂಬ ಬೀಗ ಬಂದ ಮೇಲೆ ದಾರಿಯಲ್ಲಿ ಲಕೋಟೆ ಒಡೆಯಲಾಗದು. ಉಳಿದದ್ದು ಯಜಮಾನರು ತಾವಾಗಿ ಕರೆದ ನೆಂಟರು, ಆ ನೆಂಟರು ಕರೆತಂದ ನೆಂಟರು. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೀವನ್ ಎಂಗಲ್‌ಹಾರ್ಟ್ ಮತ್ತು ಅರವಿಂದ್ ನಾರಾಯಣನ್ ಹತ್ತು ಲಕ್ಷ ಜಾಲತಾಣಗಳನ್ನು ತೆರೆದು ಹೀಗೆ ಬಂದವರ ಜನಗಣತಿ ಮಾಡಿದರು. ಕನಿಷ್ಠ ಎರಡು ತಾಣಗಳಲ್ಲಾದರೂ ಕಂಡ ಹೊರಗಿನವರು 81,000ಕ್ಕೂ ಹೆಚ್ಚು. ಅತಿ ಹೆಚ್ಚು ಹೊರಗಿನವರು ತುಂಬಿಕೊಂಡಿದ್ದದ್ದು ಸುದ್ದಿಯ ತಾಣಗಳಲ್ಲಿ. ಮಾವನ ಫ್ಯಾನಿನ ಏದುಸಿರಿಗೆ ಕಾರಣ ಇಲ್ಲೇ ಇತ್ತು.

ಹಾಗಾದರೆ ತಡೆಯುವುದು ಹೇಗೆ? ಎಲ್ಲ ಸ್ಕ್ರಿಪ್ಟನ್ನೂ ಬಂದ್ ಮಾಡುವ ಗುಂಡಿ ಬ್ರೌಸರಿನಲ್ಲೇ ಇದೆ. ಅದನ್ನು ಒತ್ತಿದ ಮರುಕ್ಷಣ ಬ್ಯಾಂಕು, ರೈಲು ಟಿಕೆಟ್ಟು, ಕರೆಂಟ್ ಬಿಲ್ಲು ಎಲ್ಲವೂ ಮೂಕವಾಗುತ್ತವೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇರುವುದು ಬ್ರೌಸರಿಗೆ ಸೇರಿಸಿಕೊಳ್ಳುವ ನೋಸ್ಕ್ರಿಪ್ಟ್ ಎಂಬ ಎಕ್ಸ್‌ಟೆನ್ಷನ್, 2005ರಲ್ಲಿ ಇಟಲಿಯ ಜಾರ್ಜಿಯೊ ಮಾವೊನೆ ಮಾಡಿದ್ದು. ಅದರ ನಿಯಮ ಕಟ್ಟುನಿಟ್ಟು: ನೀವು ಹೂಂ ಅನ್ನುವವರೆಗೆ ಯಾರೂ ಒಳಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹಾಗೆ. ಹಾಲಿನವನು ಬಂದ, ಅಪ್ರೂವ್. ಕೊರಿಯರ್ ಬಂದ, ಅಪ್ರೂವ್. ಮೊದಲ ವಾರ ಪ್ರತಿಯೊಬ್ಬನ ಹೆಸರು ನೋಡುತ್ತೀರಿ, ಎರಡನೇ ವಾರ ಫೋನು ಕುಂಯ್‌ಗುಟ್ಟಿದರೆ ಸಾಕು, ಬೆರಳು ತಾನೇ ಅಪ್ರೂವ್ ಒತ್ತುತ್ತದೆ.

ಇನ್ನೂ ಕಟ್ಟುನಿಟ್ಟಿನವರಿಗೆ ಯುಮ್ಯಾಟ್ರಿಕ್ಸ್ ಇತ್ತು. ಕೆನಡಾದ ರೇಮಂಡ್ ಹಿಲ್ ಬರೆದದ್ದು, 2020ರಲ್ಲಿ ಕೈಬಿಟ್ಟರು. ಅದನ್ನು ತೆರೆದರೆ ಒಂದು ಚೌಕುಳಿ ಹಾಳೆ: ಒಂದೊಂದು ಸಾಲಿಗೆ ಒಂದೊಂದು ಹೊರಗಿನ ವಿಳಾಸ, ಕುಕಿ, ಚಿತ್ರ, ಸ್ಕ್ರಿಪ್ಟು, ಚೌಕಟ್ಟು ಹೀಗೆ ಎಂಟು ಕಂಬ. ಇಪ್ಪತ್ತು ವಿಳಾಸವಿದ್ದರೆ 160 ಮನೆ, ಒಂದೊಂದಕ್ಕೂ ಹಸಿರೋ ಕೆಂಪೋ ನೀವೇ ತೀರ್ಮಾನಿಸಬೇಕು. ದಿನಕ್ಕೆ ನಲವತ್ತು ಪುಟ ನೋಡುವವರ ಮುಂದೆ 6,400 ಮನೆ. ಒಂದಕ್ಕೆ ಎರಡೇ ಸೆಕೆಂಡು ಕೊಟ್ಟರೂ ಮೂರೂವರೆ ಗಂಟೆ. ನಮ್ಮ ಕಂಡಕ್ಟರು ಕೂಗಿ ಮುಗಿಸಿದಷ್ಟೇ ಹೊತ್ತು! ಒಮ್ಮೆ ಕೊಟ್ಟ ತೀರ್ಪನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು ನಿಜ, ಆದರೆ ಹೊಸ ತಾಣ, ಹೊಸ ವಿಳಾಸಗಳಿಗೆ ಕೊನೆಯುಂಟೇ. ನಾನೂ ಎರಡು ವರ್ಷ ಅದನ್ನು ಇಟ್ಟುಕೊಂಡಿದ್ದೆ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸುತ್ತಾ. ಕೊನೆಗೆ ಅನ್ನಿಸಿದ್ದು, ಅಕ್ಕಿಯಷ್ಟೇ ಕಲ್ಲಿದ್ದಾಗ ಆರಿಸಬಾರದು, ಜರಡಿ ಹಿಡಿಯಬೇಕು.

ಆ ಜರಡಿಯೇ ಪಟ್ಟಿ. ಈಸಿಲಿಸ್ಟ್ ಎಂಬ ಪಟ್ಟಿಯನ್ನು 2005ರಲ್ಲಿ ರಿಕ್ ಪೆಟ್ನೆಲ್ ಎಂಬಾತ ಶುರುಮಾಡಿದರು. 2009ರಲ್ಲಿ ಅವರು ತೀರಿಕೊಂಡ ಮೇಲೆ ಸ್ವಯಂಸೇವಕರು ಮುಂದುವರಿಸಿದರು. ಕೆಲವು ನೂರು ನಿಯಮಗಳಿದ್ದ ಪಟ್ಟಿ 60,000 ದಾಟಿ ಬೆಳೆಯಿತು. ಜಗತ್ತಿನ ಕೋಟ್ಯಂತರ ಬ್ರೌಸರುಗಳು ಯಾರನ್ನು ಒಳಗೆ ಬಿಡಬೇಕು ಎಂದು ನೋಡುವುದು ಬೆರಳೆಣಿಕೆಯಷ್ಟು ಮಂದಿ ಬಿಡುವಿನ ವೇಳೆಯಲ್ಲಿ ತಿದ್ದುವ ಈ ಪಟ್ಟಿಯನ್ನು. ಇದರ ಜೊತೆಗೆ ಇಂಡಿಯನ್‌ಲಿಸ್ಟ್ ಎಂದೊಂದಿದೆ, ನಮ್ಮ ದೇಶಭಾಷೆಗಳ ತಾಣಗಳಿಗೇ ಮೀಸಲು. ಅದರ ಹೆಸರಿನ ಪಕ್ಕದ ಭಾಷೆಗಳ ಸಾಲಿನಲ್ಲಿ 'ಕನ್ನಡ' ಎಂದು ಕನ್ನಡದಲ್ಲೇ ಬರೆದಿರುವುದನ್ನು ನೋಡಿ ಮಾವ ಪರದೆಗೆ ಮೂಗು ತಾಗಿಸಿದರು. ಹದಿನೈದು ಬೈಟು.

ಇಲ್ಲಿ ಮಾವ ಸರಿಯಾದ ಪ್ರಶ್ನೆ ಎತ್ತಿದರು. "ಒಂದು ಪುಟಕ್ಕೆ ಎಪ್ಪತ್ತು ಕೋರಿಕೆ ಅಂದ್ರಿ. ಅರವತ್ತು ಸಾವಿರ ನಿಯಮ. ಗುಣಿಸಿದ್ರೆ ನಲವತ್ತೆರಡು ಲಕ್ಷ. ಇಷ್ಟು ಸಲ ಹೋಲಿಸಿ ನೋಡೋಷ್ಟರಲ್ಲಿ ಫ್ಯಾನು ಇನ್ನೂ ಜೋರಾಗಿ ಬಡ್ಕೊಳ್ಳಲ್ವಾ?"

ಮತ್ತದೇ ನಲವತ್ತೆರಡು! ಉತ್ತರ ಇರುವುದು ಅಂಚೆ ಕಚೇರಿಯಲ್ಲಿ. ನಮ್ಮ ಪಿನ್ 560037. ಕಾಗದ ವಿಂಗಡಿಸುವವನು ದೇಶದ ಎಲ್ಲ ಮನೆಗಳ ವಿಳಾಸವನ್ನೂ ಹೋಲಿಸುತ್ತಾ ಕೂರುವುದಿಲ್ಲ. ಮೊದಲ ಅಂಕಿ ನೋಡಿ ದಕ್ಷಿಣಕ್ಕೆ, ಮೂರಂಕಿ ನೋಡಿ ಬೆಂಗಳೂರಿಗೆ, ಆರೂ ನೋಡಿ ಈ ಕಡೆಯ ಚೀಲಕ್ಕೆ ಎಸೆಯುತ್ತಾನೆ. ಯುಬ್ಲಾಕ್ ಒರಿಜಿನ್‌ನಂಥ ತಡೆಗಾರನೂ ಹಾಗೆಯೇ. ವಿಳಾಸವನ್ನು ಪದಪದವಾಗಿ ಒಡೆದು, ಆ ಪದದ ಚೀಲದಲ್ಲಿರುವ ನಾಲ್ಕಾರು ನಿಯಮಗಳನ್ನು ಮಾತ್ರ ನೋಡುತ್ತಾನೆ. ನಲವತ್ತೆರಡು ಲಕ್ಷ ಕೆಲವು ನೂರಕ್ಕೆ ಇಳಿಯುತ್ತದೆ. ಈ ಯುಬ್ಲಾಕೂ ರೇಮಂಡ್ ಹಿಲ್ ಅವರದೇ, 2014ರದು. ಕ್ರೋಮ್ ಒಂದರಲ್ಲೇ ಮೂರು ಕೋಟಿಗೂ ಹೆಚ್ಚು ಮಂದಿ ಹಾಕಿಕೊಂಡಿದ್ದರು, ಹಿಲ್ ದೇಣಿಗೆಯಾಗಿ ಒಂದು ಕಾಸೂ ಪಡೆಯಲಿಲ್ಲ.

ಹಾಕಿಕೊಂಡಿದ್ದರು ಎಂದೆ. ಗೂಗಲ್‌ನ ಕ್ರೋಮ್ ತನ್ನ ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಿಸಿತು. ಪಟ್ಟಿಯನ್ನು ಇನ್ನು ಬ್ರೌಸರೇ ಓದುತ್ತದೆ, ನೀವು ಬರೆದುಕೊಟ್ಟರೆ ಸಾಕು, ಒಂದು ಎಕ್ಸ್‌ಟೆನ್ಷನ್‌ಗೆ ಖಾತ್ರಿಯಾಗಿ ಸಿಗುವುದು 30,000 ನಿಯಮ ಎಂದಿತು. 2024ರ ಕೊನೆಯಿಂದ ಶುರುವಾಗಿ 2025ರ ನಡುವಿನ ಹೊತ್ತಿಗೆ ಹಳೇ ಯುಬ್ಲಾಕ್ ಅಲ್ಲಿ ನಿಂತುಹೋಯಿತು. ಲೈಟ್ ಎಂಬ ತಮ್ಮ ಉಳಿದಿದ್ದಾನೆ. ಫೈರ್‌ಫಾಕ್ಸಿನಲ್ಲಿ ಅಣ್ಣ ಇನ್ನೂ ಗಟ್ಟಿಯಾಗಿದ್ದಾನೆ. ಗೂಗಲ್‌ನ ಆದಾಯದ ದೊಡ್ಡ ಪಾಲು ಜಾಹೀರಾತಿನದು ಎಂಬುದನ್ನು ಮರೆತು ಈ ಸಂಗತಿ ಓದುವುದು ಕಷ್ಟ. ಅದರ ಹೊಸ ಕ್ಯಾಂಪಸ್ಸು ನಮಗೆ ಪಕ್ಕದ್ದೇ: 2025ರ ಫೆಬ್ರುವರಿಯಲ್ಲಿ ಮಹದೇವಪುರದಲ್ಲಿ ತೆರೆಯಿತು, 16 ಲಕ್ಷ ಚದರಡಿ, ಹೆಸರು 'ಅನಂತ'.

ಪಟ್ಟಿಯ ಪರವಾಗಿ ನಾನು ವಾದಿಸುವುದಕ್ಕೆ ಕಾರಣ ಆ ಪ್ರಿನ್ಸ್‌ಟನ್ ಜನಗಣತಿಯಲ್ಲೇ ಇದೆ. 81,000 ಹೊರಗಿನವರಲ್ಲಿ, ನೂರಕ್ಕೆ ಒಂದಕ್ಕಿಂತ ಹೆಚ್ಚು ತಾಣಗಳಲ್ಲಿ ಕಾಣಿಸಿಕೊಂಡವರು ಎಷ್ಟು ಗೊತ್ತೆ? ಬರೀ 123. ಇತ್ತ ಬ್ರೇವ್ ಕಂಪನಿಯ ಸಂಶೋಧಕರು ಈಸಿಲಿಸ್ಟನ್ನು ಪರೀಕ್ಷೆಗೆ ಹಚ್ಚಿದಾಗ, ತಡೆಯುವ ನಿಯಮಗಳಲ್ಲಿ ನೂರಕ್ಕೆ 90 ದಿನನಿತ್ಯದ ಬಳಕೆಯಲ್ಲಿ ಕೆಲಸಕ್ಕೇ ಬರಲಿಲ್ಲ. ದೂರದಿಂದ ಜಾತ್ರೆಯಂತೆ ಕಂಡದ್ದು ಹತ್ತಿರ ಹೋದರೆ ಅದೇ ನೂರಿಪ್ಪತ್ತು ಮುಖಗಳು ಅಂಗಿ ಬದಲಿಸಿಕೊಂಡು ಸುತ್ತುತ್ತಿರುವುದು. ಇಂಥ ಜಾತ್ರೆಗೆ ಪಟ್ಟಿ ಸಾಕು.

ಸಾಲದ ಜಾಗವೂ ಇದೆ, ಅದನ್ನು ಮಾವನಿಗೆ ಮುಚ್ಚಿಡಲಿಲ್ಲ. 2018ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಏರ್‌ವೇಸ್ ತಾಣದ ಒಂದು ಹಳೇ ಸ್ಕ್ರಿಪ್ಟಿಗೆ ಕಳ್ಳರು 22 ಸಾಲು ಸೇರಿಸಿದರು. ಸುಮಾರು 3,80,000 ಪಾವತಿಗಳ ಕಾರ್ಡಿನ ವಿವರ ಸೋರಿತು. ಎರಡು ವರ್ಷದ ಮೇಲೆ ಕಂಪನಿ ತೆತ್ತ ದಂಡ 2 ಕೋಟಿ ಪೌಂಡು, ಸಾಲಿಗೆ ಒಂಬತ್ತು ಲಕ್ಷ ಪೌಂಡಿನ ಲೆಕ್ಕ. ಆ ಸ್ಕ್ರಿಪ್ಟು ಕೂತಿದ್ದದ್ದು ಕಂಪನಿಯ ಸ್ವಂತ ತಾಣದಲ್ಲೇ, ಯಾವ ಪಟ್ಟಿಯಲ್ಲಿ ಅದರ ಹೆಸರಿರುತ್ತದೆ? 2024ರಲ್ಲಿ ಪಾಲಿಫಿಲ್ ಎಂಬ ಉಪಕಾರಿ ಸ್ಕ್ರಿಪ್ಟಿನ ವಿಳಾಸ ಕೈಬದಲಾಗಿ, ಅದನ್ನು ನಂಬಿ ಕರೆಸಿಕೊಳ್ಳುತ್ತಿದ್ದ ಲಕ್ಷಕ್ಕೂ ಹೆಚ್ಚು ತಾಣಗಳು ಒಟ್ಟಿಗೇ ವಿಷ ಹಂಚಿದವು. ಪಟ್ಟಿ ತಿದ್ದುವವರಿಗೆ ತಿಳಿಯುವವರೆಗೆ ಅವನು ಒಳ್ಳೆಯವನೇ.

ಅದಕ್ಕೆ ಕೊನೆಗೆ ಎರಡು ಬಾಗಿಲು ಮಾಡಿದೆವು. ಸುದ್ದಿ, ಅಡುಗೆ, ಪಂಚಾಂಗ, ಕ್ರಿಕೆಟ್ಟಿಗೆ ಫೈರ್‌ಫಾಕ್ಸ್, ಅದರಲ್ಲಿ ಯುಬ್ಲಾಕ್, ಈಸಿಲಿಸ್ಟ್, ಇಂಡಿಯನ್‌ಲಿಸ್ಟ್. ಬ್ಯಾಂಕು, ಪಿಂಚಣಿಗೆ ಬೇರೆಯೇ ಬ್ರೌಸರು, ಅದರಲ್ಲಿ ನೋಸ್ಕ್ರಿಪ್ಟ್. ಅಲ್ಲಿ ಹೂಂ ಅನ್ನಬೇಕಾದ ವಿಳಾಸ ಐದಾರೇ, ಅವನ್ನು ನಾನೇ ಕೂತು ಹೂಂ ಅಂದುಕೊಟ್ಟೆ. ಮಾವ ಎರಡಕ್ಕೂ ಪರದೆಯ ಮೇಲೆ ಬೇರೆ ಬೇರೆ ಮೂಲೆ ಕೊಟ್ಟಿದ್ದಾರೆ, ಟೂಲ್ ರೂಮಿನಲ್ಲಿ ಒರಟು ಕೆಲಸದ ಅರ ಒಂದು ಕಡೆ, ನಯದ ಅರ ಇನ್ನೊಂದು ಕಡೆ ಇಡುತ್ತಿದ್ದ ಹಾಗೆ.

ಫ್ಯಾನು ತಣ್ಣಗಾಯಿತು. ಆದರೆ ಯುಬ್ಲಾಕಿನ ಕೆಂಪು ಗುರುತಿನ ಮೇಲೆ ಈ ಪುಟದಲ್ಲಿ ಎಷ್ಟು ತಡೆದೆ ಎಂಬ ಅಂಕಿ ಬರುತ್ತದಲ್ಲ, ಒತ್ತಿದರೆ ಹಾಕಿದ ದಿನದಿಂದ ಒಟ್ಟು ಎಷ್ಟು ಎಂಬ ಅಂಕಿಯೂ ಬರುತ್ತದಲ್ಲ, ಅದು ಅವರ ಕಣ್ಣಿಗೆ ಬಿದ್ದುಬಿಟ್ಟಿತು. ಹೋದ ಭಾನುವಾರ ಹೋದಾಗ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಸಣ್ಣ ಅಂಕಿಯಲ್ಲಿ ಇನ್ನೊಂದು ಲೆಕ್ಕ ಶುರುವಾಗಿತ್ತು. ಯಾವ ಪತ್ರಿಕೆಯ ತಾಣದಲ್ಲಿ ದಿನಕ್ಕೆ ಎಷ್ಟು ಎಂದು ಮೂರು ಬಣ್ಣದ ಪೆನ್ನಿನಲ್ಲಿ.

"ಏನು ಮಾವ ಸುದ್ದಿ?" ಎಂದೆ.

"ಸುದ್ದಿ ಎಲ್ಲಿ ಓದಿದೆ ಅಳಿಯಂದ್ರೇ," ಎಂದರು, "ಇನ್ನೂ ಎರಡನೇ ಪೇಪರ್‌ದು ಎಣಿಸ್ತಾ ಇದೀನಿ."